ಕೊಕ್ಕಿನಲ್ಲಿ ಏನಿದೆ, ನೋಡಿ

ಕೇಳುಗರಿಗೆ ನಮಸ್ಕಾರ. ಮನೆಯ ಸುತ್ತ ಬರುವ ಹಕ್ಕಿಗಳಿಗೆ ಏನು ಹಾಕಬೇಕು ಎಂದು ಹಲವರು ಕೇಳುತ್ತಾರೆ. ನಾವು ಏನೂ ಹಾಕದಿದ್ದಾಗ ಅವು ಏನು ತಿನ್ನುತ್ತವೆ ಎಂಬುದನ್ನು ಮೊದಲು ನೋಡೋಣ.

ಗುಬ್ಬಚ್ಚಿ ನುಚ್ಚು, ನವಣೆ ಹೆಕ್ಕುತ್ತದೆ, ಎಲ್ಲರಿಗೂ ಗೊತ್ತು. ಆದರೆ ಗೂಡಿನಲ್ಲಿ ಮರಿಗಳಿರುವಾಗ ಅದರ ಕೊಕ್ಕನ್ನು ಗಮನಿಸಿ. ಅಲ್ಲಿ ಕಾಳಿರುವುದು ಕಡಿಮೆ. ಹಸಿರು ಹುಳು, ಪುಟ್ಟ ಮಿಡತೆ, ಜೇಡ ಇರುತ್ತವೆ. ಮೊದಲ ದಿನಗಳಲ್ಲಿ ಮರಿಯ ಮೈ ತುಂಬಿಕೊಳ್ಳಲು ಬೇಕಾದ ಪ್ರೋಟೀನು ಹುಳುಗಳಿಂದಲೇ ಸಿಗಬೇಕು.

ಸೂರಕ್ಕಿಯದೂ ಇದೇ ಕಥೆ. ಅದು ದಾಸವಾಳಕ್ಕೆ ಬಂದಾಗ ಸದ್ದು ಮಾಡದೆ ನಿಂತು ನೋಡಿ. ಎಷ್ಟೋ ಸಲ ಹೂವಿನ ಬಾಯಿಯ ಕಡೆಗೇ ಹೋಗುವುದಿಲ್ಲ. ತೊಟ್ಟಿನ ಹತ್ತಿರ ಕೂತು, ದಳಗಳ ಬುಡಕ್ಕೆ ಪಕ್ಕದಿಂದ ಬಾಗುಕೊಕ್ಕು ಚುಚ್ಚಿ ಮಕರಂದ ಹೀರಿಬಿಡುತ್ತದೆ. ಪರಾಗ ಅದರ ಮೈಗೆ ತಾಗುವುದೇ ಇಲ್ಲ. ಇದೇ ಹಕ್ಕಿ ಕಿಟಕಿಯ ಮೂಲೆಯಲ್ಲಿ ಪಟಪಟ ರೆಕ್ಕೆ ಬಡಿಯುತ್ತಿದ್ದರೆ ಜೇಡಕ್ಕಾಗಿ ಬಂದಿದೆ ಎಂದುಕೊಳ್ಳಿ. ಮರಿಗೆ ಜೇಡ ಊಟ; ಬಲೆಯ ಎಳೆ ಗೂಡು ಕಟ್ಟಲು ಬೇಕು.

ಬೆಂಗಳೂರು, ಮೈಸೂರಿನ ಬೀದಿಗಳ ಗಸಗಸೆ ಹಣ್ಣಿನ ಮರದಲ್ಲಿ ಹೆಬ್ಬೆರಳಿನಷ್ಟೇ ಇರುವ ಬದನಿಕೆ ಹಕ್ಕಿ ಸಿಗುತ್ತದೆ. ಮಾವಿನ ಮರಕ್ಕೆ ಹತ್ತಿ ಅದರ ಸಾರ ಹೀರಿ ಬೆಳೆಯುವ ಬದನಿಕೆ ಗಿಡದ ಹಣ್ಣೆಂದರೆ ಇದಕ್ಕೆ ಪ್ರಾಣ. ಹಿಕ್ಕೆಯ ಜೊತೆ ಬಂದ ಅಂಟು ಬೀಜ ಬಿಡಿಸಿಕೊಳ್ಳಲು ಹಿಂಭಾಗವನ್ನು ಕೊಂಬೆಗೆ ಉಜ್ಜುತ್ತದೆ. ಬೀಜ ಅಲ್ಲೇ ಅಂಟಿ, ಅಲ್ಲೇ ಮೊಳೆಯುತ್ತದೆ. ತೋಟದವರಿಗೆ ಸಿಟ್ಟು ಬರುವುದು ಸಹಜ, ಆದರೂ ನೋಡಲೇಬೇಕಾದ ದೃಶ್ಯ.

ಕಾಗೆ ಒಣಗಿದ ಚಪಾತಿಯನ್ನು ನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿಕೊಳ್ಳುವುದನ್ನು ನೀವೂ ಕಂಡಿರಬಹುದು.

ಈಗ ಪಾರಿವಾಳಕ್ಕೆ ಬರೋಣ. ಗಂಡು, ಹೆಣ್ಣು ಎರಡರ ಗಂಟಲಚೀಲದಲ್ಲೂ ಹಾಲಿನಂಥ ಗಟ್ಟಿ ಆಹಾರ ತಯಾರಾಗುತ್ತದೆ. ಮರಿಗೆ ಮೊದಲು ಅದೇ ಊಟ. ಹಾಗಾಗಿ ಹುಳು ಸಿಗದ ಊರಲ್ಲೂ ಬರೀ ಕಾಳು ತಿಂದು ಅದು ಮರಿ ಸಾಕಬಲ್ಲದು. ಗುಬ್ಬಚ್ಚಿಗೆ ಆ ಅನುಕೂಲವಿಲ್ಲ. ಚೌಕದಲ್ಲಿ ಮೂಟೆಗಟ್ಟಲೆ ಜೋಳ ಸುರಿದರೆ ಪಾರಿವಾಳ ಹೆಚ್ಚುವುದೂ, ಗುಬ್ಬಚ್ಚಿ ಅಷ್ಟಕ್ಕೇ ಮರಳದಿರುವುದೂ ಇದರಿಂದಲೇ ಬಹುಮಟ್ಟಿಗೆ ಅರ್ಥವಾಗುತ್ತದೆ.

ಆದ್ದರಿಂದ ನನ್ನದೊಂದು ಕೋರಿಕೆ. ಕರಿಬೇವಿಗೋ ದಾಸವಾಳಕ್ಕೋ ಹುಳು ಬಿದ್ದರೆ ಕೂಡಲೇ ಔಷಧ ಹೊಡೆಯಬೇಡಿ. ನಾಲ್ಕು ದಿನ ಬಿಟ್ಟು ನೋಡಿ. ಟುವ್ವಿ ಹಕ್ಕಿಯೋ ಮಡಿವಾಳ ಹಕ್ಕಿಯೋ ಬಂದರೆ, ಹುಳು ಹಿಡಿದು ಯಾವ ಕಡೆಗೆ ಹಾರುತ್ತದೆ ಎಂದು ಗಮನಿಸಿ. ಗೂಡು ಆ ಕಡೆಗೇ ಇರಬಹುದು. ಹತ್ತಿರ ಹೋಗುವುದು ಮಾತ್ರ ಬೇಡ. ನಮಸ್ಕಾರ.