ಎಲ್‌ಎಸ್‌ಯು ಗೆದ್ದ ವರ್ಷ: ನಾವು ಮರೆತ ಕೋಚ್

ನಮಸ್ಕಾರ. ಇವತ್ತು ಅಮೆರಿಕದ ಕಾಲೇಜು ಫುಟ್‌ಬಾಲ್ ಬಗ್ಗೆ ಮಾತಾಡೋಣ. ಕೈಯಲ್ಲಿ ಚೆಂಡು ಹಿಡಿದು ಓಡುವ ಫುಟ್‌ಬಾಲ್, ನಮ್ಮ ಕಾಲ್ಚೆಂಡು ಅಲ್ಲ. 2019ರ ಎಲ್‌ಎಸ್‌ಯು, ಅಂದರೆ ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ ತಂಡ. ಆ ಸೀಸನ್‌ನಲ್ಲಿ 15 ಪಂದ್ಯ ಆಡಿದರು, 15ನ್ನೂ ಗೆದ್ದರು. 2020ರ ಜನವರಿ 13ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಫೈನಲ್. ಎದುರಿಗಿದ್ದ ಕ್ಲೆಮ್ಸನ್ ಸತತ 29 ಪಂದ್ಯ ಗೆದ್ದು ಬಂದಿತ್ತು. ಒಂದು ಹಂತದಲ್ಲಿ 17-7ರಿಂದ ಹಿಂದೆ ಬಿದ್ದಿದ್ದ ಎಲ್‌ಎಸ್‌ಯು, ಕೊನೆಗೆ 42-25ರಿಂದ ಕಪ್ ಎತ್ತಿತು.

ಈ ತಂಡದ ಬಗ್ಗೆ ಯಾರನ್ನೇ ಕೇಳಿ, ಮೊದಲು ಬರುವ ಹೆಸರು ಜೋ ಬರೋ. ಸರಿಯೇ. ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನಾಗಿ, ಆ ವರ್ಷ 60 ಟಚ್‌ಡೌನ್ ಪಾಸ್ (ಎದುರಾಳಿಯ ಗೆರೆ ದಾಟಿ ಪಾಯಿಂಟ್ ತರುವ ಎಸೆತ) ಎಸೆದ, ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಗೆದ್ದ. ಆದರೆ ಅದೇ ಬರೋ ಹಿಂದಿನ ವರ್ಷ, ಅದೇ ತಂಡದಲ್ಲಿ, ಎಸೆದದ್ದು 16. ಹುಡುಗ ಅವನೇ, ತೋಳು ಅದೇ. ಮಧ್ಯೆ ಏನಾಯಿತು? ನನ್ನ ಉತ್ತರ: ಸ್ಟೀವ್ ಎನ್ಸ್‌ಮಿಂಗರ್ ಅನ್ನುವ ಹಿರಿಯ ಕೋಚ್ ತನ್ನ ಪಕ್ಕದಲ್ಲಿ ಇನ್ನೊಬ್ಬನಿಗೆ ಕುರ್ಚಿ ಹಾಕಿದರು. ಆ ಸೀಸನ್‌ನ ದೊಡ್ಡ ಸಂಗತಿ ಅದು. ಅದಕ್ಕೆ ಸಿಗಬೇಕಾದ ಮರ್ಯಾದೆ ಇವತ್ತಿಗೂ ಸಿಕ್ಕಿಲ್ಲ.

2018ರ ನವೆಂಬರ್‌ಗೆ ಹೋಗೋಣ. ಬ್ಯಾಟನ್ ರೂಜ್, ಎಲ್‌ಎಸ್‌ಯುದೇ ಮೈದಾನ. ಅಲಬಾಮಾ ಬಂದು 29-0ರಿಂದ ಬಡಿದು ಹೋಯಿತು. ತಮ್ಮ ಮನೆಯಂಗಳದಲ್ಲೇ ಒಂದು ಪಾಯಿಂಟೂ ಇಲ್ಲ! ಅಲಬಾಮಾ ಎದುರು ಅದು ಸತತ ಎಂಟನೇ ಸೋಲು. ಎಲ್‌ಎಸ್‌ಯುದು ಹಳೇ ಶೈಲಿ: ಗಟ್ಟಿ ಡಿಫೆನ್ಸ್ ಇಟ್ಟುಕೋ, ಚೆಂಡನ್ನು ಓಡುವವನ ಕೈಗೆ ಕೊಡು, ನೂಕು. ಒಳ್ಳೊಳ್ಳೆ ಆಟಗಾರರು ವರ್ಷಾವರ್ಷ ಬರುತ್ತಿದ್ದರು, ಅಲಬಾಮಾ ಬಂತೆಂದರೆ ಮಾತ್ರ ಗಾಡಿ ನಿಂತುಬಿಡುತ್ತಿತ್ತು.

ಹೆಡ್ ಕೋಚ್ ಎಡ್ ಒರ್ಜೆರಾನ್ ಲೂಸಿಯಾನಾದ ಮಣ್ಣಿನ ಮಗ. ಅವರು ನ್ಯೂ ಆರ್ಲಿಯನ್ಸ್ ಸೇಂಟ್ಸ್ ಎಂಬ ವೃತ್ತಿಪರ ತಂಡದಲ್ಲಿ ಸಹಾಯಕನಾಗಿದ್ದ ಜೋ ಬ್ರೇಡಿಯನ್ನು ಕರೆತಂದರು. ವಯಸ್ಸು 29. ಆಫೆನ್ಸ್, ಅಂದರೆ ತಂಡದ ದಾಳಿ ವಿಭಾಗ, ನೋಡಿಕೊಳ್ಳುತ್ತಿದ್ದ ಎನ್ಸ್‌ಮಿಂಗರ್‌ಗೆ ಆಗ 60 ದಾಟಿತ್ತು.

ಯಾವುದೇ ಆಫೀಸಿನಲ್ಲಿ ಹೀಗಾದರೆ ಏನಾಗುತ್ತದೆ ಹೇಳಿ. ಮಗನ ವಯಸ್ಸಿನ ಹುಡುಗ ಬಂದು ನಿಮ್ಮ ಕೆಲಸವನ್ನೇ ಹೊಸದಾಗಿ ಮಾಡೋಣ ಅಂದರೆ ಎಷ್ಟು ಜನ ಸಹಿಸುತ್ತಾರೆ? ಎನ್ಸ್‌ಮಿಂಗರ್ ಸಹಿಸಿದ್ದಷ್ಟೇ ಅಲ್ಲ, ಜೊತೆಗೆ ಕೂತು ಕಟ್ಟಿದರು. ಪಾಸ್ ಹಿಡಿಯುವ ಐದು ಜನ ರಿಸೀವರ್‌ಗಳನ್ನು ಮೈದಾನದ ಉದ್ದಗಲಕ್ಕೂ ಹರಡಿ ನಿಲ್ಲಿಸುವ ಆಟ ಬಂತು.

ಇದರ ಹಿಂದೆ ಇನ್ನೊಂದು ವಿಷಯವಿದೆ. 1970ರ ದಶಕದ ಕೊನೆಯಲ್ಲಿ ಎನ್ಸ್‌ಮಿಂಗರ್ ತಾವೇ ಎಲ್‌ಎಸ್‌ಯುದ ಕ್ವಾರ್ಟರ್‌ಬ್ಯಾಕ್. ಆಗಲೂ ಆ ಜಾಗವನ್ನು ಡೇವಿಡ್ ವುಡ್ಲಿ ಜೊತೆ ಹಂಚಿಕೊಂಡೇ ಆಡಿದವರು. 2016ರ ಸೀಸನ್ ಮಧ್ಯದಲ್ಲಿ ಆಫೆನ್ಸ್ ಹೊಣೆ ಸಿಕ್ಕಿತು. ಮರುವರ್ಷ ಅದನ್ನು ಬೇರೆಯವರಿಗೆ ಕೊಟ್ಟು ಇವರನ್ನು ಹಳೇ ಕೆಲಸಕ್ಕೆ ಕಳಿಸಿದರು. ಹೋದರು. 2018ರಲ್ಲಿ ಮತ್ತೆ ಕರೆದರು, ಬಂದರು. ಹಂಚಿಕೊಳ್ಳುವುದು ಈ ಮನುಷ್ಯನಿಗೆ ಹೊಸದೇನೂ ಆಗಿರಲಿಲ್ಲ.

ಬದಲಾವಣೆ ಕಣ್ಣಿಗೆ ಕಂಡದ್ದು ಆಸ್ಟಿನ್‌ನಲ್ಲಿ, 2019ರ ಸೆಪ್ಟೆಂಬರ್ 7. ಟೆಕ್ಸಾಸ್ ಎದುರು 37-31ರ ಮುನ್ನಡೆ, ಆಟ ಮುಗಿಯಲು ಮೂರು ನಿಮಿಷವೂ ಇಲ್ಲ. ಥರ್ಡ್ ಡೌನ್, ಅಂದರೆ ಚೆಂಡು ಉಳಿಸಿಕೊಳ್ಳಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು, ಬೇಕಿರುವುದು 17 ಗಜ. ಹಳೇ ಎಲ್‌ಎಸ್‌ಯು ಆಗಿದ್ದರೆ ಸುಮ್ನೆ ಚೆಂಡನ್ನು ಓಡುವವನಿಗೆ ಕೊಟ್ಟು, ಗಡಿಯಾರ ಓಡಿಸಿ, ಆಮೇಲೆ ಒದ್ದು ಕಳಿಸುತ್ತಿತ್ತು. ಅವತ್ತು ಪಾಸ್ ಆಡಿದರು. ಟೆಕ್ಸಾಸ್ ಆಟಗಾರರು ಮೇಲೆರಗಿ ಬರುತ್ತಿದ್ದಾರೆ, ಬರೋ ಒಂದು ಹೆಜ್ಜೆ ಪಕ್ಕಕ್ಕೆ ಜಾರಿ ಜಸ್ಟಿನ್ ಜೆಫರ್ಸನ್‌ಗೆ ಎಸೆದ. 61 ಗಜ, ಟಚ್‌ಡೌನ್. ಪಂದ್ಯ 45-38. ಅಲ್ಲಿಗೆ ಹಳೇ ಭಯ ಹೋಯಿತು. ನವೆಂಬರ್ 9ರಂದು ಅಲಬಾಮಾದ ಊರಿಗೇ ಹೋಗಿ 46-41ರಿಂದ ಗೆದ್ದು ಬಂದರು.

ಇನ್ನು ಡಿಸೆಂಬರ್ 28. ಇದನ್ನು ಹೇಳುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಅಟ್ಲಾಂಟಾದಲ್ಲಿ ಒಕ್ಲಹೋಮಾ ಎದುರು ಸೆಮಿಫೈನಲ್. ಆ ಪಂದ್ಯ ನೋಡಲು ಲೂಸಿಯಾನಾದ ಲಫಯೆಟ್‌ನಿಂದ ಹೊರಟ ಸಣ್ಣ ವಿಮಾನವೊಂದು ಹಾರಿದ ಸ್ವಲ್ಪ ಹೊತ್ತಿಗೇ ಬಿತ್ತು. ಸತ್ತವರಲ್ಲಿ ಎನ್ಸ್‌ಮಿಂಗರ್ ಅವರ ಸೊಸೆ, ಕ್ರೀಡಾ ವರದಿಗಾರ್ತಿ ಕಾರ್ಲಿ ಮೆಕಾರ್ಡ್ ಇದ್ದರು. ಈ ಸುದ್ದಿಯನ್ನು ಪಂದ್ಯಕ್ಕೆ ಮೊದಲೇ ಎನ್ಸ್‌ಮಿಂಗರ್‌ಗೆ ಒರ್ಜೆರಾನ್ ತಿಳಿಸಿದರು. ಎನ್ಸ್‌ಮಿಂಗರ್ ಮೇಲಿನ ಕೋಚ್‌ಗಳ ಬಾಕ್ಸ್‌ಗೆ ಹೋಗಿ ಕೂತರು. ಹೆಡ್‌ಸೆಟ್ ಹಾಕಿಕೊಂಡು, ಪ್ರತಿ ಸಲ ಯಾವ ಆಟ ಆಡಬೇಕು ಅಂತ ಹೇಳುತ್ತಾ ಹೋದರು. ಮೊದಲರ್ಧದಲ್ಲೇ ಬರೋ ಏಳು ಟಚ್‌ಡೌನ್ ಪಾಸ್ ಎಸೆದ. ಅರ್ಧಕ್ಕೆ 49-14, ಮುಗಿದಾಗ 63-28.

ದುಃಖ ಬದಿಗಿಟ್ಟು ಕೆಲಸ ಮಾಡಿದ್ದೇ ದೊಡ್ಡದು ಅಂತ ನಾನು ಹೇಳುತ್ತಿಲ್ಲ. ಅವರು ಹೋಟೆಲ್‌ಗೆ ಮರಳಿದ್ದರೂ ಯಾರೂ ಒಂದು ಮಾತು ಆಡುತ್ತಿರಲಿಲ್ಲ, ಆಡಲೂಬಾರದು. ಆದರೆ ಆ ದಾಖಲೆಯ ಮೊದಲರ್ಧದ ವಿಡಿಯೋ ನೋಡುವಾಗ ಮೇಲೆ ಕೂತಿದ್ದವರು ಯಾರು ಅಂತ ಗೊತ್ತಿರಬೇಕು, ಅಲ್ವಾ? ಬರೀ ಏಳು ಪಾಸ್ ಎಣಿಸಿದರೆ ಸಾಲದು.

ಆ ವರ್ಷ ದೇಶದ ಅತ್ಯುತ್ತಮ ಸಹಾಯಕ ಕೋಚ್‌ಗೆ ಕೊಡುವ ಬ್ರಾಯ್ಲ್ಸ್ ಪ್ರಶಸ್ತಿ ಜೋ ಬ್ರೇಡಿಗೆ ಹೋಯಿತು. ಹುಡುಗ ಅದಕ್ಕೆ ಯೋಗ್ಯನೇ. ಹೊಸ ಯೋಚನೆ ಅವನಿಂದ ಬಂತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಯೋಚನೆಗೆ ಬಾಗಿಲು ತೆರೆದವರೂ, ಅದನ್ನು ಶನಿವಾರ ಶನಿವಾರ ಮೈದಾನಕ್ಕೆ ಇಳಿಸಿದವರೂ ಎನ್ಸ್‌ಮಿಂಗರ್. ನನ್ನ ಪ್ರಕಾರ ಆ ಪ್ರಶಸ್ತಿಯನ್ನು ಇಬ್ಬರಿಗೂ ಸೇರಿಸಿ ಕೊಡಬೇಕಿತ್ತು. ನಿಮಗೆ ಬೇರೆ ಅನ್ನಿಸಿದರೆ ಹೇಳಿ, ವಾದ ಮಾಡೋಕೆ ನಾನು ಸಿದ್ಧ.