ಮೈನಸ್ 41ರಲ್ಲಿ ನಾನು, ಬೂದಿ, ಮತ್ತೆ ಆ ದರಿದ್ರ ಬೂಟುಗಳು

ಈ ವಿಡಿಯೋದಲ್ಲಿ ನಾನು ಬಾಯಿ ಆಡಿಸುತ್ತಿರುವುದು ಕಾಣುತ್ತಿದೆ, ಅಲ್ವಾ? ಒಂದಕ್ಷರವೂ ಕೇಳುವುದಿಲ್ಲ. ಮೈಕಿನ ಬ್ಯಾಟರಿ ಮೈನಸ್ 41ಕ್ಕೆ ಕೈ ಎತ್ತಿಬಿಟ್ಟಿತು. ಅದಕ್ಕೇ ಈಗ ಬೆಚ್ಚಗೆ ಕೂತು ಈ ನಿರೂಪಣೆ. ಜಾಗ ಕೆನಡಾದ ಯುಕಾನ್. ಕಾಲ ಕೆಳಗಿರುವುದು ರಸ್ತೆ ಅಲ್ಲ, ಹೆಪ್ಪುಗಟ್ಟಿದ ತಕೀನಿ ನದಿ. ಪಕ್ಕದಲ್ಲಿರುವ ಹಸ್ಕಿ ನಾಯಿ ನನ್ನದಲ್ಲ, ಪರಿಚಯದವರದು. ಅವಳ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ. ಬಣ್ಣ ನೋಡಿ ಬೂದಿ ಅಂತ ಕರೆಯುತ್ತೇನೆ. ಅವಳ ತಕರಾರೇನೂ ಇದ್ದ ಹಾಗಿಲ್ಲ.

ಟೆಂಟ್ ಮಡಚಿದ್ದು, ಸ್ಲೆಡ್ (ಹಿಮದ ಮೇಲೆ ಎಳೆಯುವ ಜಾರುಬಂಡಿ) ಕಟ್ಟಿದ್ದು ಎಲ್ಲಾ ನೀವೇ ನೋಡಿದಿರಿ. ಈಗ ಬೂಟಿನ ರಾಮಾಯಣ.

ನಾಯಿಗೆ ಬೂಟು ಪಾದ ಬೆಚ್ಚಗಿರಲಿ ಅಂತ ಅಲ್ಲ. ಅದರ ಪಾದದಲ್ಲಿ ಬಿಸಿ ರಕ್ತ ಕೆಳಗೆ ಒಯ್ಯುವ ನಾಳಕ್ಕೆ ಅಂಟಿಕೊಂಡೇ ತಣ್ಣನೆ ರಕ್ತ ಮೇಲೆ ತರುವ ನಾಳಗಳಿವೆ. ಶಾಖ ಅಲ್ಲಲ್ಲೇ ವಾಪಸ್ ಸಿಗುತ್ತದೆ. ತೊಂದರೆ ಇರುವುದು ಬೆರಳ ಸಂದಿಯ ಕೂದಲಲ್ಲಿ. ಹಿಮ ಅಲ್ಲಿ ಸೇರಿ, ಕರಗಿ, ಮತ್ತೆ ಗಟ್ಟಿಯಾಗಿ ಉಂಡೆ ಕಟ್ಟುತ್ತದೆ. ಆಮೇಲೆ ನಡೆದಷ್ಟೂ ಚರ್ಮ ಸೀಳುತ್ತದೆ. 1984ರಲ್ಲಿ ಶುರುವಾದ ಯುಕಾನ್ ಕ್ವೆಸ್ಟ್ ಅನ್ನುವ ಸ್ಲೆಡ್ ನಾಯಿಗಳ ಓಟ ಈ ನದಿಯ ಮೇಲೂ ಹಾದಿತ್ತು. ವೈಟ್‌ಹಾರ್ಸ್ ಮತ್ತು ಅಲಾಸ್ಕಾದ ಫೇರ್‌ಬ್ಯಾಂಕ್ಸ್ ನಡುವೆ ಸುಮಾರು 1,600 ಕಿಲೋಮೀಟರ್. ಆ ಗಟ್ಟಿ ನಾಯಿಗಳಿಗೂ ಬೂಟೇ ಗತಿ.

ಸರಿ, ಬೂಟು ಬೇಕು. ಹಾಕುವವನು ಮಾತ್ರ ನಾನು! ಈ ವೆಲ್ಕ್ರೋ ಪಟ್ಟಿ ನೋಡಿ, ಝೂಮ್ ಮಾಡಿದ್ದೇನೆ. ಕೊಕ್ಕೆಗಳ ನಡುವೆ ಹಿಮದ ಪುಡಿ ತುಂಬಿದೆ. ಉಗುರಲ್ಲಿ ಕೆರೆದು ತೆಗೆಯಬೇಕು, ದಪ್ಪ ಗವಸು ಹಾಕಿಕೊಂಡು ಆಗುವುದಿಲ್ಲ. ಗವಸು ತೆಗೆದರೆ ಬೆರಳು ಮೊದಲು ಉರಿಯುತ್ತದೆ. ಆಮೇಲೆ ಉರಿ ನಿಲ್ಲುತ್ತದೆ. ನಿಂತಾಗಲೇ ಭಯ. ಒಂದು ಬೂಟು ಹಾಕು, ಕೈಯನ್ನು ಕಂಕುಳಲ್ಲಿ ಸಿಕ್ಕಿಸು, ಜೀವ ಬಂದಮೇಲೆ ಇನ್ನೊಂದು ಹಾಕು. ಸಡಿಲ ಬಿಟ್ಟರೆ ನಾಲ್ಕು ಹೆಜ್ಜೆಗೆ ಕಳಚುತ್ತದೆ. ಬಿಗಿ ಮಾಡಿದರೆ ರಕ್ತ ಓಡುವುದಿಲ್ಲ, ಆಗ ಪಾದ ನಿಜಕ್ಕೂ ಮರಗಟ್ಟುತ್ತದೆ. ಕೊನೆಯದನ್ನು ಹಾಕುವಷ್ಟರಲ್ಲಿ ಮೊದಲನೆಯದು ಅವಳ ಬಾಯಲ್ಲಿ! ನೋಡಿ, ಹೇಗೆ ಎಳೆಯುತ್ತಿದ್ದಾಳೆ. ಇದರಷ್ಟು ದಂಡದ ವಸ್ತು ಲೋಕದಲ್ಲೇ ಇಲ್ಲ ಅಂತ ಇಲ್ಲಿ ನಾನು ಭಾಷಣ ಮಾಡುತ್ತಿದ್ದೇನೆ. ನಡುನಡುವೆ ಬೈಗುಳವೂ ಇತ್ತು. ಮೈಕ್ ಸತ್ತಿದ್ದು ಒಳ್ಳೆಯದೇ ಆಯಿತು.

ಈ ಶಾಟ್ ಉದ್ದ ಇದೆ, ಸುಮ್ನೆ ನಡೆಯುವುದಷ್ಟೇ. ಅಷ್ಟರಲ್ಲಿ ಸ್ನ್ಯಾಗ್ ಬಗ್ಗೆ ಹೇಳಿಬಿಡುತ್ತೇನೆ. ಇದೇ ಯುಕಾನ್‌ನಲ್ಲಿದ್ದ ಒಂದು ಪುಟ್ಟ ವಿಮಾನ ನಿಲ್ದಾಣ ಅದು. 1947ರ ಫೆಬ್ರವರಿ 3ರಂದು ಅಲ್ಲಿ ಮೈನಸ್ 63 ಡಿಗ್ರಿ. ಥರ್ಮಾಮೀಟರಿನ ಗೆರೆಗಳೇ ಮುಗಿದುಹೋಗಿದ್ದವು. ಒಳಗಿನ ಆಲ್ಕೋಹಾಲ್ ಎಲ್ಲಿಗೆ ಇಳಿದಿದೆ ಅಂತ ಅಲ್ಲಿದ್ದವರು ತಾವೇ ಗುರುತು ಹಾಕಬೇಕಾಯಿತು. ಸುತ್ತ ಗುಡ್ಡ, ನಡುವೆ ತಗ್ಗು ಇದ್ದರೆ ಹೀಗೇ. ತಣ್ಣನೆ ಗಾಳಿ ಭಾರ, ಇಳಿದು ಬಂದು ತಗ್ಗಿನಲ್ಲಿ ಠಿಕಾಣಿ ಹೂಡುತ್ತದೆ. ಗಾಳಿ ಬೀಸದ ದಿನ ಗುಡ್ಡದ ಮೇಲೇ ಚಳಿ ಕಡಿಮೆ. ಮತ್ತೆ ನಾನು ನದಿಯಲ್ಲಿ ಏನು ಮಾಡುತ್ತಿದ್ದೇನೆ? ಗುಡ್ಡದಲ್ಲಿ ಮೊಣಕಾಲುದ್ದದ ಪುಡಿ ಹಿಮ, ಸ್ಲೆಡ್ ಎಳೆಯುವುದು ಯಾರು...

ಹಾಂ, ಬಂತು, ಇಲ್ಲಿ ನೋಡಿ. ಬೂದಿ ನಿಂತುಬಿಟ್ಟಳು. ಹಗ್ಗ ಎಳೆದರೂ ಜಪ್ಪಯ್ಯ ಅನ್ನುವುದಿಲ್ಲ. ಮುಂದೆ ಕೋಲಿನಿಂದ ಕೆದಕಿದರೆ ಹಿಮದ ಕೆಳಗೆ ನೀರು! ಇಲ್ಲಿನವರು ಓವರ್‌ಫ್ಲೋ ಅನ್ನುತ್ತಾರೆ. ಮಂಜುಗಡ್ಡೆಯ ಅಡಿ ಒತ್ತಡಕ್ಕೆ ಸಿಕ್ಕ ನೀರು ಬಿರುಕಿನಿಂದ ಮೇಲೆ ಉಕ್ಕುತ್ತದೆ. ಹಿಮದ ಹೊದಿಕೆ ಇರುವುದರಿಂದ ಈ ಚಳಿಯಲ್ಲೂ ಬೇಗ ಗಟ್ಟಿಯಾಗುವುದಿಲ್ಲ. ಮೇಲಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಕಾಲು ನೆನೆದರೆ ಅಲ್ಲೇ ಬೆಂಕಿ ಹಾಕಬೇಕು, ಅದೂ ಬೆರಳು ಮಾತು ಕೇಳುತ್ತಿರುವಾಗಲೇ. ಹೊರಜೇಬಿನ ಲೈಟರ್ ನಂಬಬೇಡಿ. ಸೊನ್ನೆ ಡಿಗ್ರಿ ಹತ್ತಿರವೇ ಬ್ಯುಟೇನ್ ದ್ರವವಾಗಿ ಕೂತುಬಿಡುತ್ತದೆ, ಮೈಗೆ ತಾಗಿಸಿ ಬಿಸಿ ಮಾಡಿದರೆ ಮಾತ್ರ ಹೊತ್ತೀತು. ನನ್ನ ಹತ್ತಿರ ಕಡ್ಡಿಪೆಟ್ಟಿಗೆ, ಬರ್ಚ್ ಮರದ ತೊಗಟೆ ಇತ್ತು. ಆ ತೊಗಟೆ ಒದ್ದೆಯಾಗಿದ್ದರೂ ಉರಿಯುತ್ತದೆ.

ಬೂದಿಯ ಎಡ ಮುಂಗಾಲಿನ ಬೂಟು ನೀರಿಗೆ ತಾಗಿತ್ತು. ಈ ಸದ್ದು ಆಮೇಲೆ ಸೇರಿಸಿದ್ದು, ಆದರೆ ನಿಜಕ್ಕೂ ಹೀಗೇ ಇತ್ತು: ಎರಡು ನಿಮಿಷದಲ್ಲಿ ಬಟ್ಟೆ ಮರದ ಹಾಗೆ ಗಟ್ಟಿಯಾಗಿ ಟಕ್ ಟಕ್ ಅಂತಿತ್ತು. ಬೇಗ ಕಳಚಿದೆ. ಬೆರಳ ಸಂದಿಗೆ ಕೈ ಹಾಕಿ ನೋಡಿದರೆ ಕೂದಲು ಹೆಚ್ಚೇನೂ ನೆನೆದಿರಲಿಲ್ಲ. ಬೂಟು ಇಲ್ಲದಿದ್ದರೆ ಅಷ್ಟೂ ನೀರು ಕೂದಲಿಗೇ ಹಿಡಿದು ಅಲ್ಲೇ ಹೆಪ್ಪುಗಟ್ಟುತ್ತಿತ್ತು. ಹಾಗಾಗಿ ಆಗಿನ ಭಾಷಣ ವಾಪಸ್. ವೆಲ್ಕ್ರೋಗೆ ಬೈದದ್ದು ಮಾತ್ರ ವಾಪಸ್ ಇಲ್ಲ.

ಅಯ್ಯೋ, ಕ್ಲಿಪ್ ಮುಗಿಯುತ್ತಾ ಬಂತು. ದಡ ಹತ್ತಿ ಬಳಸಿಕೊಂಡು ಹೋಗಿದ್ದು ಮುಂದಿನ ವಿಡಿಯೋದಲ್ಲಿ ಇದೆ. ಅಲ್ಲಿ ನಾಯಿ ಮುಂದೆ, ನಾನು ಹಿಂದೆ.