ತಾಮ್ರದ ತಗಡಿನಲ್ಲಿ ಕೊರೆದ ಮುಖಗಳು

ಕೇಳುಗರಿಗೆ ನಮಸ್ಕಾರ.

ಯುರೋಪಿನ ಹಳೆಯ ಅಚ್ಚಿನ ಭಾವಚಿತ್ರಗಳನ್ನು ನೋಡುವಾಗ ನಮ್ಮ ಕಣ್ಣು ಮೊದಲು ಮುಖದ ಮೇಲೆ ನಿಲ್ಲುತ್ತದೆ. ಆದರೆ ಆ ವ್ಯಕ್ತಿ ಸಮಾಜದಲ್ಲಿ ಯಾರು ಎಂಬುದನ್ನು ಹೇಳುವ ಹೊಣೆಯನ್ನು ಬಹುಮಟ್ಟಿಗೆ ಹೊತ್ತಿರುವುದು ಮುಖದ ಸುತ್ತಲಿನ ಬರಹ, ಲಾಂಛನ ಮತ್ತು ಉಡುಪು. ತಾಮ್ರದ ತಗಡಿನ ಮೇಲೆ ಚೂಪಾದ ಉಕ್ಕಿನ ಉಳಿಯಿಂದ ಗೆರೆ ಕೊರೆದು, ಆ ಗೆರೆಗಳಲ್ಲಿ ಮಸಿ ತುಂಬಿ, ಒದ್ದೆ ಕಾಗದವನ್ನು ಒತ್ತಿ ತೆಗೆದ ಚಿತ್ರಗಳಿವು. ಅಚ್ಚಿನಲ್ಲಿ ಎಡಬಲ ಅದಲುಬದಲಾಗುವುದರಿಂದ ಒಂದೊಂದು ಅಕ್ಷರವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕೊರೆಯಬೇಕಿತ್ತು. ಅಷ್ಟು ಶ್ರಮದ ಬರಹವನ್ನು ಬರಿಯ ಅಲಂಕಾರವೆಂದು ಬದಿಗಿಡಲು ನನಗೆ ಮನಸ್ಸು ಬಾರದು.

1519ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್, ಬ್ರಾಂಡೆನ್‌ಬರ್ಗಿನ ಕಾರ್ಡಿನಲ್ (ಕ್ಯಾಥೊಲಿಕ್ ಚರ್ಚಿನ ಉನ್ನತ ಧರ್ಮಗುರು) ಆಲ್ಬ್ರೆಕ್ಟನನ್ನು ಹೀಗೆ ಕೊರೆದನು. ಚಿತ್ರದ ಅಳತೆ ಹೆಚ್ಚುಕಡಿಮೆ ಒಂದು ಅಂಚೆಕಾರ್ಡಿನಷ್ಟು. ಅಷ್ಟರಲ್ಲೇ ಮೇಲೆ ವಂಶದ ಲಾಂಛನ, ‘ಇವನ ಕಣ್ಣು, ಕೆನ್ನೆ, ಮುಖ ಹೀಗಿದ್ದವು’ ಎಂಬ ಲ್ಯಾಟಿನ್ ಸಾಲು, 29 ವರ್ಷ ಎಂಬ ವಯಸ್ಸು; ಕೆಳಗೆ ಮೈಂಟ್ಸ್ ಮತ್ತು ಮಾಗ್ಡೆಬರ್ಗಿನ ಆರ್ಚ್‌ಬಿಷಪ್, ಚಕ್ರವರ್ತಿಯನ್ನು ಆರಿಸುವ ಹಕ್ಕುಳ್ಳವನು ಎಂಬ ಪದವಿಗಳು ಒತ್ತೊತ್ತಾಗಿ ಸೇರಿವೆ. ಡ್ಯೂರರ್ ತಗಡನ್ನೂ 200 ಪ್ರತಿಗಳನ್ನೂ ಕಳುಹಿಸಿಕೊಟ್ಟಾಗ ಕಾರ್ಡಿನಲ್ 200 ಚಿನ್ನದ ನಾಣ್ಯಗಳ ಜೊತೆಗೆ ಅಂಗಿಗೆಂದು ರೇಷ್ಮೆ ಬಟ್ಟೆಯನ್ನೂ ಕೊಟ್ಟನು. ಬಣ್ಣದ ಚಿತ್ರವಾದರೆ ಒಂದೇ ಗೋಡೆಯ ಮೇಲಿರುತ್ತದೆ. ಈ ಅಚ್ಚುಗಳಿಂದ ಅವನ ಪದವಿಗಳು 200 ಕೈಗಳಿಗೆ ತಲುಪಬಹುದಾಗಿತ್ತು.

ಲಾಂಛನದ ಬಲವಿಲ್ಲದ ವಿದ್ವಾಂಸನ ಗುರುತು ಯಾವುದು? 1526ರಲ್ಲಿ ಡ್ಯೂರರ್ ಕೊರೆದ ಎರಾಸ್ಮಸ್ ಬರೆಯುತ್ತಿದ್ದಾನೆ. ಮುಂದೆ ದಪ್ಪ ಪುಸ್ತಕಗಳಿವೆ, ಪಕ್ಕದ ಹೂಜಿಯಲ್ಲಿ ಹೂಗಳಿವೆ. ಹಿಂದಿನ ದೊಡ್ಡ ಫಲಕದಲ್ಲಿ ಇದು ಜೀವಂತ ರೂಪವನ್ನು ನೋಡಿ ಬರೆದದ್ದೆಂದು ಲ್ಯಾಟಿನ್ ಹೇಳಿದರೆ, ಇದಕ್ಕಿಂತ ಮೇಲಾದ ಚಿತ್ರವನ್ನು ಅವನ ಬರಹಗಳೇ ತೋರಿಸುತ್ತವೆಂದು ಗ್ರೀಕ್ ಸಾಲು ಹೇಳುತ್ತದೆ. ಮುಖ ಹೋಲುವುದಿಲ್ಲವೆಂದು ಎರಾಸ್ಮಸ್‌ಗೆ ಅನಿಸಿತು. ಆದರೆ ಗ್ರೀಕ್ ಓದಬಲ್ಲವರ ಬಳಗಕ್ಕೆ ಅವನು ಸೇರಿದವನೆಂಬುದನ್ನು ಆ ಫಲಕ ಸಾರುತ್ತಲೇ ಇದೆ, ಮತ್ತು ನನಗೆ ಈ ಚಿತ್ರದ ನಿಜವಾದ ಮುಖ ಅದೇ ಅನಿಸುತ್ತದೆ.

ಶತಮಾನದ ಬಳಿಕ ಆಂಟ್ವರ್ಪಿನ ಆಂಥನಿ ವಾನ್ ಡೈಕ್ ತನ್ನ ಕಾಲದ ಪ್ರಸಿದ್ಧರ ಅಚ್ಚುಚಿತ್ರಗಳ ಮಾಲೆಯನ್ನು ಕೈಗೊಂಡನು. ಮೊದಲು ಹೊರಬಂದ 80 ಚಿತ್ರಗಳಲ್ಲಿ ರಾಜರು ಮತ್ತು ಸೇನಾನಿಗಳು 16, ರಾಜನೀತಿಜ್ಞರು ಮತ್ತು ವಿದ್ವಾಂಸರು 12. ಉಳಿದ 52 ಮಂದಿ ಕಲಾವಿದರು ಮತ್ತು ಕಲಾಸಂಗ್ರಾಹಕರು. ಕುಶಲಕರ್ಮಿಗಳ ಸಂಘದ ಸದಸ್ಯರಾಗಿದ್ದ ಚಿತ್ರಕಾರರು ಇಲ್ಲಿ ರಾಜರಿಗೆ ಸಮನಾದ ಹಾಳೆಯಲ್ಲಿ, ಹೆಚ್ಚಿನವರು ಕುಂಚವನ್ನೂ ಹಿಡಿಯದೆ, ಮೇಲುವಸ್ತ್ರ ಹೊದ್ದ ಗಣ್ಯರಾಗಿ ನಿಂತಿದ್ದಾರೆ.

ವಾನ್ ಡೈಕ್ ತನ್ನ ಚಿತ್ರದಲ್ಲಿ ಮಾತ್ರ ತಲೆಯೊಂದನ್ನೇ ಗೀಚಿ, ಉಳಿದ ತಗಡನ್ನು ಖಾಲಿ ಬಿಟ್ಟಿದ್ದನು. ಅವನು 1641ರಲ್ಲಿ ತೀರಿಕೊಂಡ ಮೇಲೆ ಬೇರೊಬ್ಬ ಕೆತ್ತನೆಗಾರ ಆ ತಲೆಯ ಕೆಳಗೆ ಕಲ್ಲಿನ ಪೀಠವನ್ನು ಕೊರೆದು, ಅದರ ಮೇಲೆ ಈ ಚಿತ್ರಮಾಲೆಯ ಪುಸ್ತಕದ ಹೆಸರನ್ನು ಲ್ಯಾಟಿನ್ನಿನಲ್ಲಿ ಬರೆದು, 1645ರ ಆವೃತ್ತಿಯ ಮುಖಪುಟವನ್ನಾಗಿ ಮಾಡಿದನು.